ಹಿಮದ ಊರಿನಲ್ಲಿ ಅಲೆನ್‌ನ ಹವಾಮಾನ

ಅಲೆನ್

ಮೂವತ್ತೊಂದು ವರ್ಷ ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹಿಮನದಿ, ಹಿಮಪಾತ, ಹಿಮರೇಖೆ ಎಂದು ಬೋರ್ಡಿನ ಮೇಲೆ ಬರೆದು ಅಳಿಸಿದವಳು ನಾನು. ಹಿಮವನ್ನು ಕಣ್ಣಾರೆ ಕಂಡದ್ದು ನಿವೃತ್ತಳಾದ ಮೇಲೆ, ಅದೂ ಟೆಕ್ಸಾಸ್‌ಗೆ ಹೋಗಿ. ಬಿಸಿಲಿನ ಟೆಕ್ಸಾಸ್‌ನಲ್ಲಿ ಹಿಮ ಎಲ್ಲಿಂದ ಬಂತು ಟೀಚರ್ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಕೇಳಲಿ. ಪಾಠದ ಹೊತ್ತಿನಲ್ಲಿ ಒಬ್ಬಿಬ್ಬರಾದರೂ ಎಚ್ಚರವಿದ್ದರು ಎಂದಾಯಿತು.

ನನ್ನ ತಂಗಿ ವತ್ಸಲಾ ಇರುವುದು ಡಾಲಸ್‌ನ ಉತ್ತರಕ್ಕೆ, ಅಲೆನ್‌ನಲ್ಲಿ. ಹೊಸ ಮನೆಗಳು, ಹೊಸ ಹುಲ್ಲು. ಬೀದಿಯಲ್ಲಿ ಮನುಷ್ಯರನ್ನು ನೋಡಬೇಕೆಂದರೆ ಕಸದ ಡಬ್ಬಿ ಹೊರಗಿಡುವ ದಿನದವರೆಗೆ ಕಾಯಬೇಕು. ಅವಳ ಯಜಮಾನರು ಪ್ರಕಾಶ್ ಧಾರವಾಡದವರು, ಪ್ಲೇನೋದ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎಂಜಿನಿಯರ್. ಒಬ್ಬಳೇ ಮಗಳು ನಿಧಿ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ನಾನು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತದೆ.

ನಾನು ಹೋದಾಗ ಪ್ರಕಾಶ್ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕಂಪನಿಯವರು ಎಲ್ಲರನ್ನೂ ಆಫೀಸಿಗೆ ವಾಪಸು ಕರೆದಿದ್ದರಂತೆ, ಆದರೆ ಇವರ ಹತ್ತಿರ ಡಾಕ್ಟರ ಪತ್ರವಿತ್ತು. ಹಿಂದಿನ ವರ್ಷ ಒಂದು ವಾರ ಬೆನ್ನು ಹಿಡಿದುಕೊಂಡಿತ್ತು. ಕಾರಿನಲ್ಲಿ ಬಹಳ ಹೊತ್ತು ಕೂರಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಪ್ಲೇನೋ ಇರುವುದು ಇಪ್ಪತ್ತು ನಿಮಿಷದ ದಾರಿ.

"ಈಗ ನೋವು ಹೇಗಿದೆ?" ಎಂದು ವಿಚಾರಿಸಿದೆ.

"ಬ್ಯಾನಿ ಯಾವಾಗೋ ಹೋತ್ರಿ ಅಕ್ಕಾರ," ಎಂದರು ಪ್ರಕಾಶ್. "ಪತ್ರ ಅದ."

ಆ ಪತ್ರದ ಬಲದ ಮೇಲೆ ಅವರು ಒಂದು ಯೋಜನೆ ಹಾಕಿದ್ದರು. ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಬೆಟ್ಟದ ಮೇಲೆ ಕೂತು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ನ್ಯೂ ಮೆಕ್ಸಿಕೊದಲ್ಲಿ ಸ್ಕೀ ಆಡುವ ಒಂದು ಊರು. ಅಲ್ಲಿ ಮೂರು ವಾರಕ್ಕೆ ಬಾಡಿಗೆ ಮನೆ. ಬೆಳಿಗ್ಗೆ ಮೀಟಿಂಗು, ಮಧ್ಯಾಹ್ನ ಜಾರಾಟ. ವತ್ಸಲಾಳ ಕೆಲಸ ಆಸ್ಪತ್ರೆಯ ದಾಖಲೆಗಳಿಗೆ ಕೋಡ್ ಹಾಕುವುದು. ಅದನ್ನು ಅವಳು ಮೊದಲಿನಿಂದಲೂ ಮನೆಯಿಂದಲೇ ಮಾಡುತ್ತಿದ್ದಳು, ಎಲ್ಲಿ ಕೂತಾದರೂ ಮಾಡಲು ಒಪ್ಪಿಗೆ ಇತ್ತು. ಅವಳು ತನ್ನ ಮ್ಯಾನೇಜರಿಗೆ ಊರಿನ ಹೆಸರು ಹೇಳಿಯೇ ಹೊರಟಳು. ಪ್ರಕಾಶ್ ಮಾತ್ರ ತಮ್ಮ ಓದುವ ಕೋಣೆಯ ಫೋಟೋ ತೆಗೆದು, ಮೀಟಿಂಗಿನಲ್ಲಿ ಬೆನ್ನ ಹಿಂದೆ ಕಾಣುವಂತೆ ಲ್ಯಾಪ್‌ಟಾಪಿಗೆ ಹಾಕಿಕೊಂಡರು. ಆ ಫೋಟೋದ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಮುಂದಿನ ಎರಡು ವಾರ ಅವರ ಹಿಂದೆ ಹತ್ತೂ ಹತ್ತೇ ಆಗಿತ್ತು. ಒಬ್ಬರೂ ಗಮನಿಸಲಿಲ್ಲ. ಅಷ್ಟೊಂದು ಮೀಟಿಂಗುಗಳಲ್ಲಿ ಯಾರು ಯಾರನ್ನು ನೋಡುತ್ತಿರುತ್ತಾರೋ ದೇವರೇ ಬಲ್ಲ.

ಮಗಳಿಗೆ ಫೋನಿನಲ್ಲಿ ವಿಷಯ ಹೇಳಿದಾಗ, "ಡ್ಯಾಡ್, ದಟ್ಸ್ ಲಿಟರಲಿ ಲೈಯಿಂಗ್," ಎಂದಳು.

"ಸುಳ್ಳಲ್ಲವ್ವಾ, ಅಡ್ಜಸ್ಟ್‌ಮೆಂಟ್," ಎಂದರು ಪ್ರಕಾಶ್.

ದಾರಿ

ಹನ್ನೊಂದು ಗಂಟೆ ಪ್ರಯಾಣ. ಅದರಲ್ಲಿ ಏಳೆಂಟು ಗಂಟೆ ಟೆಕ್ಸಾಸೇ. ನೆಲ ಎಷ್ಟು ಮಟ್ಟಸವೆಂದರೆ, ಇಲ್ಲಿನ ಭೂಗೋಳದ ಮೇಷ್ಟ್ರುಗಳಿಗೆ ಪ್ರಸ್ಥಭೂಮಿಯ ಪಾಠ ಮುಗಿಸಲು ಕಿಟಕಿ ತೆರೆದರೆ ಸಾಕು. ಕಾರಿನಲ್ಲಿ ಬಹಳ ಹೊತ್ತು ಕೂರಬಾರದಿದ್ದ ಪ್ರಕಾಶ್ ಪೂರ್ತಿ ಹನ್ನೊಂದು ಗಂಟೆ ತಾವೇ ಡ್ರೈವ್ ಮಾಡಿದರು. ನಾನು ಹಿಂದಿನ ಸೀಟಿನಲ್ಲಿ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ನೆಟ್ಟಗಿತ್ತು. ಅಮರಿಲೊದಲ್ಲಿ ಇಳಿದಾಗ ಸೊಂಟ ಹಿಡಿದುಕೊಂಡವಳು ನಾನೇ.

"ಅಕ್ಕ, ಸ್ವಲ್ಪ ನಡೆದಾಡು," ಎಂದು ವತ್ಸಲಾ ಕೈ ಹಿಡಿದಳು. ಅಂಗಡಿಯ ಮುಂದಿನ ಬಯಲಿನಲ್ಲಿ ಅಕ್ಕತಂಗಿಯರು ಎರಡು ಸುತ್ತು ನಡೆದೆವು. ದನದ ದೊಡ್ಡಿಗಳ ವಾಸನೆ ಗಾಳಿಯಲ್ಲಿ ಬರುತ್ತಿತ್ತು. "ಇದೊಂದು ವಾಸನೆ ನಮ್ಮೂರಿಂದೇ," ಎಂದಳು.

ಗುಡ್ಡದ ಊರು, ಮೊದಲ ವಾರ

ಊರಿನ ಹೆಸರು ಬರೆಯಬೇಡಿರೆಂದು ಪ್ರಕಾಶ್ ಕೈಮುಗಿದು ಕೇಳಿಕೊಂಡಿದ್ದಾರೆ. ಬರೆಯುವುದಿಲ್ಲ. ಕಣಿವೆಯಲ್ಲಿ ಒಂದು ಬೀದಿ, ಅದರ ಎರಡೂ ಕಡೆ ಮರದ ಮನೆಗಳು, ಮೇಲೆ ಬಿಳಿ ಬೆಟ್ಟ. ಕಾರಿನಿಂದಿಳಿದು ಬಗ್ಗಿ ಹಿಮವನ್ನು ಬೊಗಸೆಯಲ್ಲಿ ತೆಗೆದುಕೊಂಡೆ. ರವೆಯಂತಿತ್ತು. ಹತ್ತಿಯಂತೆ ಮೆತ್ತಗೆ ಎಂದು ಮೂವತ್ತೊಂದು ವರ್ಷ ಹೇಳಿಕೊಟ್ಟಿದ್ದೆನಲ್ಲ ಎಂದುಕೊಂಡು ಎರಡು ಹೆಜ್ಜೆ ಇಟ್ಟವಳು ಜಾರಿ ಬಿದ್ದೆ. ಬಿದ್ದ ಜಾಗದಲ್ಲಿ ರವೆಯೂ ಇರಲಿಲ್ಲ, ಕಲ್ಲಿನಂಥ ಗಡ್ಡೆಯಿತ್ತು.

ದಿನಸಿ ಅಂಗಡಿಗೆ ಹೋದರೆ ಗಲ್ಲಾದಲ್ಲಿ ಕೂತಿದ್ದಾಕೆ ಮುಖವನ್ನೂ ಎತ್ತದೆ, "ಟೆಕ್ಸಾಸಾ?" ಎಂದಳು. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೊಂದು ಕೋಟು ಹಾಕಿದ್ದ ನನ್ನಲ್ಲಿ ಅವಳಿಗೆ ಟೆಕ್ಸಾಸ್ ಎಲ್ಲಿ ಕಂಡಿತೋ. ಹೊರಗೆ ನಿಂತು ಕಾರುಗಳ ನಂಬರ್ ಪ್ಲೇಟ್ ನೋಡಿದ ಮೇಲೆ ತಿಳಿಯಿತು: ಮುಕ್ಕಾಲುಪಾಲು ಟೆಕ್ಸಾಸಿನವೇ. ಡಾಲಸ್‌ನಲ್ಲಿ ಒಬ್ಬರಿಗೊಬ್ಬರು ಸಿಗದವರೆಲ್ಲ ಹನ್ನೊಂದು ಗಂಟೆ ಕಾರೋಡಿಸಿ ಬಂದು ಇಲ್ಲಿ ಒಂದೇ ಸಾಲಿನಲ್ಲಿ ಕಾಫಿಗೆ ನಿಂತಿದ್ದರು. ಮನೆಗಳೆಲ್ಲ ಲ್ಯಾಪ್‌ಟಾಪಿನವರಿಗೆ ಬಾಡಿಗೆಗೆ ಹೋಗಿದ್ದವು. ಆ ಅಂಗಡಿಯಾಕೆ ಊರೊಳಗೆ ಮನೆ ಸಿಗದೆ ದಿನಾ ಬೆಟ್ಟ ಇಳಿದು ಹತ್ತಿ ಮಾಡುತ್ತಾಳಂತೆ. ಊರಿನಲ್ಲಿ ಕೆಲಸ ಮಾಡುವವರಿಗೆ ಊರಿನಲ್ಲಿ ಮನೆಯಿಲ್ಲ. ಮನೆಯಿರುವವರ ಕೆಲಸ ಆ ಊರಿನದಲ್ಲ.

ನಮ್ಮ ಬಾಡಿಗೆ ಮನೆಯಲ್ಲಿ ಕುಕ್ಕರ್ ಇರಲಿಲ್ಲ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೇ ಬೇಳೆ ಬೇಯುವುದಿಲ್ಲ ಎನ್ನುವುದು ನನಗೆ ಪಾಠದಲ್ಲಿ ಗೊತ್ತಿತ್ತು. ಒಲೆಯ ಮುಂದೆ ಎರಡು ಗಂಟೆ ನಿಂತ ಮೇಲೆ ಚೆನ್ನಾಗಿ ಗೊತ್ತಾಯಿತು.

ಅಲ್ಲಿ ಗಡಿಯಾರ ಟೆಕ್ಸಾಸಿಗಿಂತ ಒಂದು ಗಂಟೆ ಹಿಂದೆ. ಪ್ರಕಾಶ್ ಮಾತ್ರ ಪ್ಲೇನೋದ ಹೊತ್ತಿಗೆ ಏಳುತ್ತಿದ್ದರು. ಹೊರಗೆ ಕೊರೆಯುವ ಚಳಿ, ಒಳಗೆ ಇವರದು ತೆಳು ಟೀ ಶರ್ಟು, ಏಕೆಂದರೆ ಅಲೆನ್‌ನಲ್ಲಿ ಮಾರ್ಚಿಗೇ ಸೆಕೆ. ಮೇಜಿನ ಕೆಳಗೆ ಕಾಲಿಗೆ ನನ್ನ ಶಾಲು. ಫೋನಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದದ್ದು ಅಲೆನ್‌ನ ಹವಾಮಾನ. "ಇವತ್ತ ಮೋಡ ಅದ," ಎಂದು ಕಿಟಕಿಯಾಚೆಯ ನಿಚ್ಚಳ ಬಿಸಿಲು ನೋಡುತ್ತ ಹೇಳುವರು. ಮೀಟಿಂಗಿನಲ್ಲಿ ಯಾರಾದರೂ ಮಳೆ ಬಂತೇ ಎಂದರೆ ತಡವರಿಸಬಾರದಲ್ಲ. ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಸ್ಕೀ ಬೂಟು ಹಾಕಿಕೊಂಡು ಬೆಟ್ಟಕ್ಕೆ ಓಡುವರು.

ವತ್ಸಲಾ ಬೆಳಿಗ್ಗೆ ಮಲಗುವ ಕೋಣೆ ಸೇರಿದರೆ ಸಂಜೆಯೇ ಹೊರಬರುತ್ತಿದ್ದಳು. ಹಿಮದ ಬಿಸಿಲು ಸ್ಕ್ರೀನಿಗೆ ಹೊಡೆಯುತ್ತದೆಂದು ಪರದೆ ಎಳೆದಿರುತ್ತಿದ್ದಳು. ಹೊರಬಂದ ಮೇಲೆ ಎಲ್ಲರಿಗೂ ಚಪಾತಿ ಲಟ್ಟಿಸುವುದು.

ಎರಡನೆಯ ಮಂಗಳವಾರ

ಮಂಗಳವಾರ ಮಧ್ಯಾಹ್ನ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಪ್ರಕಾಶ್ ಮೀಟಿಂಗಿನಲ್ಲಿದ್ದರು. ಇದ್ದಕ್ಕಿದ್ದಂತೆ ಅವರ ಲ್ಯಾಪ್‌ಟಾಪಿನಿಂದ ಏಳೆಂಟು ಫೋನುಗಳು ಒಟ್ಟಿಗೆ ಕೂಗಿಕೊಂಡ ಸದ್ದು. ಡಾಲಸ್‌ನ ಉತ್ತರಕ್ಕೆ ಸುಂಟರಗಾಳಿಯ ಎಚ್ಚರಿಕೆ. ಟೆಕ್ಸಾಸಿನಲ್ಲಿ ಸೈರನ್ ಕೂಗಿದರೆ ಕಿಟಕಿಯಿಲ್ಲದ ಜಾಗಕ್ಕೆ ಹೋಗಿ ಅಡಗಬೇಕು. ಆಫೀಸಿನಲ್ಲಿದ್ದವರು ಮೆಟ್ಟಿಲ ಕೆಳಗೆ ಓಡಿದರು, ಮನೆಯಲ್ಲಿದ್ದವರು ಬಚ್ಚಲಿಗೆ, ಬಟ್ಟೆ ಇಡುವ ಕಿರುಕೋಣೆಯಾದ ಕ್ಲಾಸೆಟ್ಟಿಗೆ. ಫೋನು ಹಿಡಿದುಕೊಂಡೇ ಓಡಿದ್ದರಿಂದ ಮೀಟಿಂಗು ಮುಗಿಯಲಿಲ್ಲ.

ಪ್ರಕಾಶ್ ತಡಬಡಿಸಿ ಎದ್ದರು. ನಂತರ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿ, ಸ್ಕೀ ಬೂಟುಗಳನ್ನು ಸರಿಸಿ, ಕ್ಲಾಸೆಟ್ಟಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನೀಲಿ ಆಕಾಶ. ಮಕ್ಕಳು ಹಿಮದಲ್ಲಿ ಜಾರುತ್ತಿದ್ದರು.

ವತ್ಸಲಾ ಗಾಬರಿಯಿಂದ ಹೊರಗೆ ಬಂದಳು. "ಏನಾಯ್ತು ಅಕ್ಕ? ಎಲ್ಲಿ ಅವರು?"

ನಾನು ಸೌಟಿನಿಂದ ಕ್ಲಾಸೆಟ್ಟು ತೋರಿಸಿದೆ.

ಒಳಗಿನಿಂದ ಮಾತು ಕೇಳುತ್ತಿತ್ತು. ಒಬ್ಬನ ಕಾರಿನ ಗಾಜು ಹೋಯಿತಂತೆ, ಇನ್ನೊಬ್ಬಳ ಬೇಲಿ ಹಾರಿತಂತೆ. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಎಲ್ಲರಿಗೂ ಏನಾದರೂ ಆಗಿತ್ತು, ಇವರೊಬ್ಬರದು ಬರಿಗೈ. ಅದನ್ನು ತಡೆದುಕೊಳ್ಳಲಾಗಲಿಲ್ಲವೆಂದು ಕಾಣುತ್ತದೆ. "ನಮ್ಮ ಹಿಂಬಾಗಿಲಿನ ಗಾಜು ಒಡೆದುಹೋಯಿತು," ಎಂದು ಇಂಗ್ಲಿಷಿನಲ್ಲಿ ಹೇಳಿದರು, ದನಿಯನ್ನು ಚೂರು ನಡುಗಿಸಿ. ಅಯ್ಯೋ, ನಿನ್ನ ಹೆಂಡತಿ ಹೇಗಿದ್ದಾಳೆ ಎಂದು ಯಾವುದೋ ಹೆಂಗಸಿನ ದನಿ ಕೇಳಿತು. ಹೆಂಡತಿ ನನ್ನ ಪಕ್ಕದಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಗಾಜು ಯಾಕೆ ಒಡೆದ್ರಿ?" ಎಂದು ವತ್ಸಲಾ ಆಮೇಲೆ ಕೇಳಿದಳು.

"ಏನರ ಒಂದು ಹೇಳಬೇಕಲ್ಲ. ಎಲ್ಲಾರೂ ಹೇಳ್ಲಿಕತ್ತಿದ್ರು."

ಅಂದು ಸಂಜೆ ಅವರ ಫೋನಿಗೆ ಏನೋ ಸಂದೇಶ ಬಂತು. ಓದಿ ಅಡುಗೆಮನೆಗೂ ಬಾಗಿಲಿಗೂ ಎರಡು ಸಲ ನಡೆದಾಡಿದರು. ಮತ್ತೆ ಏನೋ ಬರೆದು, ಫೋನನ್ನು ಬೋರಲು ಹಾಕಿ, ಬೇಗ ಮಲಗಿದರು.

ಶನಿವಾರ, ತೂಗುಕುರ್ಚಿ

ಬೆಟ್ಟದ ತುದಿಗೆ ತಂತಿಯ ಮೇಲೆ ಕುರ್ಚಿಗಳು ಹೋಗುತ್ತವೆ. ಸ್ಕೀ ಬಾರದವರೂ ಸುಮ್ಮನೆ ಕೂತು ಹೋಗಿ ಬರಬಹುದು. ಶನಿವಾರ ಪ್ರಕಾಶ್ ಜಾರಲು ಹೋಗಿದ್ದರು. ವತ್ಸಲಾ ವಾರದ ಕೆಲಸ ಬಾಕಿಯಿದೆಯೆಂದು ಬರಲಿಲ್ಲ. ನಾನೊಬ್ಬಳೇ ಹೋದೆ. ನನ್ನ ಪಕ್ಕಕ್ಕೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಳು. ಕೆಂಪು ಉಣ್ಣೆಯ ಟೋಪಿ, ಮೊಣಕಾಲಿಗೆ ಪಟ್ಟಿ. ಹೆಸರು ಡೆಬ್ರಾ, ಎರಡು ದಿನದ ರಜೆಗೆ ಮೊಮ್ಮಗಳನ್ನು ಕರೆದುಕೊಂಡು ಹಿಂದಿನ ದಿನವಷ್ಟೇ ಪ್ಲೇನೋದಿಂದ ಬಂದದ್ದು ಎಂದು ಹೇಳಿಕೊಂಡಳು.

ಅರ್ಧ ದಾರಿಯಲ್ಲಿ ಕುರ್ಚಿ ನಿಂತಿತು.

ಕೆಳಗೆ ನೋಡಿದೆ. ದೇವದಾರು ಮರಗಳ ತುದಿ ನನ್ನ ಚಪ್ಪಟೆ ಬೂಟುಗಳಿಗಿಂತ ಬಹಳ ಕೆಳಗಿತ್ತು. ಗಾಳಿಗೆ ಕುರ್ಚಿ ಮೆಲ್ಲಗೆ ತೂಗಾಡುತ್ತಿತ್ತು. ಭಯವಾದರೆ ಕೆಲವರಿಗೆ ಬಾಯಿ ಒಣಗುತ್ತದೆ. ನನಗೆ ಬಾಯಿ ಬರುತ್ತದೆ. ಮೂವತ್ತೊಂದು ವರ್ಷದ ಚಾಳಿ, ತರಗತಿ ಕೈತಪ್ಪುತ್ತಿದೆ ಎನಿಸಿದರೆ ಪಾಠ ಜೋರು ಮಾಡುವುದು.

ಅವಳು ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ತಂಗಿಯ ಮನೆ ಅಲೆನ್‌ನಲ್ಲಿ. ಅವಳ ಗಂಡ ಈಗ ಇಲ್ಲಿಂದಲೇ ಕೆಲಸ ಮಾಡುತ್ತಾರೆ, ಆಫೀಸಿಗೆ ಗೊತ್ತಿಲ್ಲ. ಗಡಿಯಾರದಲ್ಲಿ ಯಾವಾಗಲೂ ಹತ್ತೂ ಹತ್ತು. ಡೆಬ್ರಾ ನಕ್ಕಳು. ಬೆನ್ನುನೋವಿನ ಪತ್ರದ ಕಥೆಗೆ ಟೋಪಿ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ಕೇಳುವವರು ಸಿಕ್ಕರೆ ಯಾವ ಟೀಚರ್ ನಿಲ್ಲಿಸುತ್ತಾಳೆ? ಸುಂಟರಗಾಳಿ ಬಂದಾಗ ನೀಲಿ ಆಕಾಶದ ಕೆಳಗೆ ಕ್ಲಾಸೆಟ್ಟಿನಲ್ಲಿ ಅಡಗಿ, ಒಡೆಯದ ಗಾಜು ಒಡೆದ ಕಥೆಯನ್ನೂ ಹೇಳಿದೆ.

ಈ ಸಲ ಅವಳು ನಗಲಿಲ್ಲ.

"ಮಂಗಳವಾರವಾ?"

"ಹೌದು, ಮಂಗಳವಾರ."

ಅವಳು ಎದುರಿನ ಬೆಟ್ಟ ನೋಡುತ್ತ ಹೇಳಿದಳು: "ಮಂಗಳವಾರ ನಾನು ಬಚ್ಚಲಲ್ಲಿ ಎರಡು ನಾಯಿ ತಬ್ಬಿಕೊಂಡು ಕೂತಿದ್ದೆ. ಮನೆಯಲ್ಲಿ ನಾನೊಬ್ಬಳೇ. ಸಾಯುತ್ತೇನೆ ಅಂದುಕೊಂಡಿದ್ದೆ. ಫೋನಿನಲ್ಲಿ ನನ್ನ ತಂಡದವರ ದನಿ ಕೇಳಿಸುತ್ತಿತ್ತು, ಅದೇ ಧೈರ್ಯ. ಒಬ್ಬ ತನ್ನ ಮನೆಯ ಗಾಜು ಒಡೆಯಿತು ಅಂದ. ಪಾಪ, ಬೆನ್ನುನೋವಿನವನು ಬೇರೆ. ಸಂಜೆ ಟೊಮೆಟೊ ಸೂಪು ಮಾಡಿಕೊಂಡು ಅಲೆನ್‌ಗೆ ಹೋದೆ, ಅವರು ಸಸ್ಯಾಹಾರಿಗಳು. ಬೆಲ್ ಒತ್ತಿದೆ. ಯಾರೂ ತೆರೆಯಲಿಲ್ಲ. ಮಲಗಿದ್ದಾರೇನೋ ಎಂದು ಬಾಗಿಲಲ್ಲೇ ಪಾತ್ರೆ ಇಟ್ಟು ಸಂದೇಶ ಕಳಿಸಿದೆ. ತುಂಬಾ ಚೆನ್ನಾಗಿತ್ತು, ಇಬ್ಬರೂ ಪೂರ್ತಿ ಕುಡಿದೆವು ಎಂದು ಅವನು ಉತ್ತರ ಬರೆದ."

ತಂತಿ ಕಿರ್ರೆಂದಿತು. ಕುರ್ಚಿ ಮಾತ್ರ ಹೊರಡಲಿಲ್ಲ.

"ಹಾಗಾದರೆ," ಎಂದು ನನ್ನತ್ತ ತಿರುಗಿದಳು, "ನನ್ನ ಸೂಪು ಕುಡಿದವರು ಯಾರು?"

ಅಷ್ಟು ಎತ್ತರದಲ್ಲಿ ಎದ್ದು ಹೋಗುವುದಕ್ಕೂ ದಾರಿಯಿರಲಿಲ್ಲ. ಕ್ಷಮಿಸಿ ಎಂದೆ. ನೀವೇಕೆ ಕ್ಷಮೆ ಕೇಳುತ್ತೀರಿ ಎಂದಳು. ಕುರ್ಚಿ ಮತ್ತೆ ಹೊರಟು ತುದಿ ಮುಟ್ಟಿದಾಗ, ಇಳಿಯಲು ಹೆದರಿದ ನನ್ನ ಕೈ ಹಿಡಿದು ಇಳಿಸಿದವಳು ಅವಳೇ. "ನಾಲ್ಕು ಗಂಟೆಗೆ ಕೆಳಗಿನ ಕಾಫಿ ಅಂಗಡಿಯಲ್ಲಿ ಇರುತ್ತೇನೆ ಎಂದು ಪ್ರಕಾಶ್‌ಗೆ ಹೇಳಿ," ಎಂದು ಹೊರಟುಹೋದಳು. ಅವರ ಹೆಸರನ್ನು ನಾನು ಹೇಳಿರಲೇ ಇಲ್ಲ.

ಕಾಫಿ ಅಂಗಡಿ

ಪ್ರಕಾಶ್ ಕೆನ್ನೆ ಕೆಂಪಾಗಿಸಿಕೊಂಡು, ಶಿಳ್ಳೆ ಹಾಕುತ್ತ ಮನೆಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ.

"ಡೆಬ್ರಾ? ಅಕ್ಕಾರ, ಆಕಿ ನಮ್ಮ ಡೈರೆಕ್ಟರ್ರಿ! ಏನೇನು ಹೇಳಿದ್ರಿ?"

"ಎಲ್ಲಾ."

"ಎಲ್ಲಾ ಅಂದ್ರ?"

"ಗಡಿಯಾರದಿಂದ ಹಿಡಿದು."

ಅವರು ಸ್ಕೀ ಬೂಟು ಬಿಚ್ಚದೆಯೇ ನೆಲದ ಮೇಲೆ ಕೂತುಬಿಟ್ಟರು. "ಐವತ್ಮೂರಕ್ಕ ಹೊಸ ನೌಕರಿ ಯಾರು ಕೊಡ್ತಾರ್ರಿ," ಎಂದು ಸಣ್ಣ ದನಿಯಲ್ಲಿ ಅಂದರು. ತಂಗಿಯ ಮನೆಗೆ ಅತಿಥಿಯಾಗಿ ಬಂದು, ಅವಳ ಗಂಡನ ಇಪ್ಪತ್ತೆರಡು ವರ್ಷದ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮಾತಾಡಿ ಮುಗಿಸಿದ್ದೆ.

ವತ್ಸಲಾಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. "ಇಬ್ಬರೂ ಕುಡಿದ್ವಿ ಅಂತ ಬರೆದ್ರಾ? ನನ್ನ ಹೆಸರಲ್ಲೂ? ಆಕೆ ಬಿರುಗಾಳಿ ಆದ ಸಂಜೆ ಸೂಪು ಮಾಡ್ಕೊಂಡು ಬಂದಿದ್ದಾಳೆ ರೀ!"

"ಊರಾಗ ಇಲ್ಲ ಅಂತ ಹೆಂಗ ಹೇಳ್ಲಿ?"

"ಬಾಯಿಂದ."

ನಾಲ್ಕಕ್ಕೆ ಮೂವರೂ ಹೋದೆವು. ಡೆಬ್ರಾ ಕಿಟಕಿಯ ಪಕ್ಕ ಕೂತಿದ್ದಳು. ಪ್ರಕಾಶ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ವಿವರಣೆಗಳನ್ನೆಲ್ಲ ಬಿಟ್ಟು, "ಸುಳ್ಳು ಹೇಳಿದೆ. ಸೂಪಿನದೂ ಸುಳ್ಳು. ನನಗೆ ನಾಚಿಕೆಯಾಗಿದೆ," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ನಾನು ಕಂಡ ಎರಡು ತಿಂಗಳಲ್ಲಿ ಅವರು ಆಡಿದ ಅತಿ ಚಿಕ್ಕ ಮಾತು ಅದು.

ಡೆಬ್ರಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನೀನು ಎಲ್ಲಿ ಕೂತು ಕೆಲಸ ಮಾಡುತ್ತೀಯೋ ನನಗೆ ಬೇಕಿರಲಿಲ್ಲ. ಕೇಳಿದ್ದರೆ ಒಂದು ವಾರ ನಾನೇ ಕೊಡುತ್ತಿದ್ದೆ," ಎಂದಳು. "ಆದರೆ ಅವತ್ತು ನಾನು ನಿಜವಾಗಿಯೂ ನಿನಗಾಗಿ ಹೆದರಿದ್ದೆ." ಎದ್ದು ಕೋಟು ಹಾಕಿಕೊಳ್ಳುತ್ತ: "ಸೋಮವಾರ ಎಂಟಕ್ಕೆ ಆಫೀಸಿಗೆ ಬಾ. ಪತ್ರ ತರಬೇಡ."

ಮತ್ತೆ ಅಲೆನ್

ಭಾನುವಾರವೇ ಹೊರಟೆವು, ಬಾಡಿಗೆಯ ಒಂದು ವಾರ ಬಾಕಿಯಿರುವಾಗಲೇ. ಅಲೆನ್‌ನ ಮನೆಯ ಮುಂದೆ ಪಾತ್ರೆ ಮಗುಚಿ ಬಿದ್ದಿತ್ತು. ಮುಚ್ಚಳ ಒಂದು ಕಡೆ, ಪಾತ್ರೆ ಒಂದು ಕಡೆ. ಯಾವುದೋ ಪ್ರಾಣಿ ತಳದವರೆಗೆ ನೆಕ್ಕಿ ಹೋಗಿತ್ತು. ಸೂಪು ಚೆನ್ನಾಗಿತ್ತು ಎನ್ನುವುದಾದರೂ ನಿಜವಿರಬೇಕು. ಪ್ರಕಾಶ್ ಯಾರ ಕೈಗೂ ಕೊಡದೆ ಆ ಪಾತ್ರೆಯನ್ನು ತಾವೇ ಮೂರು ಸಲ ತೊಳೆದರು.

ಸೋಮವಾರ ಅವರು ಆಫೀಸಿಗೆ ಹೋದ ಮೇಲೆ ನಾವಿಬ್ಬರೂ ಊಟ ಮಾಡಲಿಲ್ಲ. ಎರಡು ಗಂಟೆಗೆ ಫೋನು ಬಂತು. ಕೆಲಸ ಹೋಗಿಲ್ಲ. ಮನೆಯಿಂದ ಕೆಲಸ ಮಾಡುವ ಒಪ್ಪಿಗೆ ಹೋಯಿತು, ವರ್ಷದ ಬಡ್ತಿಯೂ ಹೋಯಿತು. ವತ್ಸಲಾ ಫೋನಿಟ್ಟು ದೇವರ ಮುಂದೆ ದೀಪ ಹಚ್ಚಿದಳು. ನಾನು ಅಂದು ಮೊದಲ ತುತ್ತು ಬಾಯಿಗಿಟ್ಟೆ.

ಎರಡು ವಾರದ ನಂತರ ಬಿಸಿಬೇಳೆಬಾತ್ ಮಾಡಿ, ಪ್ರಕಾಶ್‌ಗೂ ಡೆಬ್ರಾಗೂ ಎಂದು ಡಬ್ಬಿ ತುಂಬಿಕೊಂಡು ಮಧ್ಯಾಹ್ನ ಆಫೀಸಿಗೆ ಹೋದೆವು. ಎಲ್ಲರನ್ನೂ ವಾಪಸು ಕರೆದಿದ್ದಾರೆ ಎಂದು ಕೇಳಿದ್ದೆನಲ್ಲ, ಜಾತ್ರೆಯಂತೆ ಇರಬಹುದೆಂದುಕೊಂಡಿದ್ದೆ. ಆ ದೊಡ್ಡ ಅಂತಸ್ತಿನಲ್ಲಿ ಇದ್ದದ್ದು ಮೂರೋ ನಾಲ್ಕೋ ಜನ. ಮಿಕ್ಕವರೆಲ್ಲರ ಹತ್ತಿರವೂ ಒಂದೊಂದು ಪತ್ರವಿತ್ತಂತೆ. ಪ್ರಕಾಶ್ ಖಾಲಿ ಮೇಜುಗಳ ನಡುವೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲೆಲ್ಲೋ ಇದ್ದವರ ಜೊತೆ ಮೀಟಿಂಗು ಮಾಡುತ್ತಿದ್ದರು. ಅವರ ಹಿಂದೆ ನಿಜವಾದ ಗೋಡೆ.

ಡೆಬ್ರಾ ತಟ್ಟೆ ತಂದು ನಮ್ಮ ಜೊತೆ ಕೂತಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೆಯ ಸಲ ಹಾಕಿಸಿಕೊಂಡಳು. "ಕುರ್ಚಿ ನಿಂತಾಗ ನನಗೂ ಭಯವಾಗಿತ್ತು," ಎಂದು ನನಗೆ ಹೇಳಿದಳು. "ನೀವು ಮಾತು ನಿಲ್ಲಿಸದಿರಲಿ ಎಂದೇ ಕೇಳುತ್ತ ಹೋದೆ."

"ಆಫೀಸು ಹೇಗಿದೆ?" ಎಂದು ಪ್ರಕಾಶ್‌ರನ್ನು ಕೇಳಿದೆ.

"ಆರಾಮ ಅದರಿ ಅಕ್ಕಾರ. ಮುಂಜಾನೆ ಎದ್ದು ಹವಾಮಾನ ನೋಡೂದು ತಪ್ಪಿತು."

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೂ ವತ್ಸಲಾ ಕಾರು ಸ್ಟಾರ್ಟ್ ಮಾಡಲಿಲ್ಲ. ಪಾರ್ಕಿಂಗ್ ಜಾಗದ ಟಾರು ಬಿಸಿಲಿಗೆ ಮಿನುಗುತ್ತಿತ್ತು.

"ಎರಡು ವಾರ ಇದ್ದೆ ಅಕ್ಕ ಅಲ್ಲಿ," ಎಂದಳು. "ಅವರು ದಿನಾ ಜಾರಿದ್ರು. ನೀನು ಮೇಲೆ ಹೋಗಿ ಬಂದೆ. ನಾನು ಬೆಟ್ಟ ಸರಿಯಾಗಿ ನೋಡ್ಲೇ ಇಲ್ಲ ಕಣೆ."

ಅವಳೊಬ್ಬಳೇ ಯಾರಿಗೂ ಸುಳ್ಳು ಹೇಳದವಳು. ಪರದೆ ಎಳೆದು ಕೂತವಳೂ ಅವಳೇ. ಒಂದೇ ಮನೆಯಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ. ಸಂಜೆ ಚಪಾತಿ ಬಿಸಿಯಾಗಿ ಬರುತ್ತಿತ್ತು.

"ರಜೆ ಹಾಕು," ಎಂದೆ. "ನಾವಿಬ್ಬರೇ ಹೋಗೋಣ. ಹಿಮ ಇನ್ನೂ ಹತ್ತು ದಿನ ಇರತ್ತಂತೆ."

ಅಲ್ಲೇ ಫೋನು ತೆಗೆದಳು. ರಜೆಯ ಅರ್ಜಿಯಲ್ಲಿ ದಿನಾಂಕ ತುಂಬಿದಳು. ಕಾರಣ ಎಂದು ಕೇಳಿದ ಜಾಗದಲ್ಲಿ ಅವಳ ಬೆರಳು ನಿಂತಿತು. ಜ್ವರ ಎಂದು ಬರೆದಳು, ಅಳಿಸಿದಳು. ಮನೆಯ ತುರ್ತು ಕೆಲಸ ಎಂದು ಬರೆದಳು, ಅದನ್ನೂ ಅಳಿಸಿದಳು. ಕೊನೆಗೆ ಬರೆದು ನನಗೆ ತೋರಿಸಿದಳು: ಅಕ್ಕನ ಜೊತೆ ಬೆಟ್ಟ ನೋಡಲು.

"ಇಷ್ಟೇ ಸಾಕಾ ಅಕ್ಕ?"

"ಸಾಕು," ಎಂದೆ. "ಕಳಿಸು."